ಮುರಕಲ್ಲಿನ ಮೇಲಿನ ಕೆಂಪು ಕಲೆ: ರಕ್ತವೋ, ಎಲೆಯಡಿಕೆಯೋ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಗಡಿಭಾಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಬಿಎಸ್ಸಿ ಮಕ್ಕಳಲ್ಲಿ ಅರ್ಧದಷ್ಟು ಜನ ಪ್ಲಸ್ ಟೂವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಮನೆಯಲ್ಲಿ ಡಿಗ್ರಿಗೆ ಬಂದವರು ಇವರೇ ಮೊದಲು. ಲ್ಯಾಬಿನಲ್ಲಿ ಹೇಳಿದಷ್ಟು ಮಾಡುತ್ತಾರೆ, ರೆಕಾರ್ಡ್ ಬರೆಯುತ್ತಾರೆ, ಅಷ್ಟೇ. ಕೊನೆಯ ವರ್ಷಕ್ಕೆ ಬರುವಾಗ ವಿಜ್ಞಾನ ಸಾಕು ಅಂತ ಬ್ಯಾಂಕ್ ಕೋಚಿಂಗಿಗೆ ಹೋಗುತ್ತಾರೆ. ಫೊರೆನ್ಸಿಕ್ ವಿಷಯ ಇಟ್ಟುಕೊಂಡು ಕೈಯಾರೆ ಸಂಶೋಧನೆ ಮಾಡಿಸಿದರೆ ಇವರಿಗೆ ಹುರುಪು ಬರಬಹುದೇ? ನಮ್ಮಲ್ಲಿ ಡಿಎನ್‌ಎ ಯಂತ್ರ ಇಲ್ಲ, ಪೊಲೀಸರ ಪರಿಚಯವೂ ಇಲ್ಲ. ಆಸಕ್ತಿ ಇರುವ ಹತ್ತು ಮಕ್ಕಳನ್ನು ಆರಿಸಿ, ಸಂಜೆ ಕ್ಲಾಸು ಬಿಟ್ಟ ಮೇಲೆ ಮಾಡಿಸೋಣ ಅಂದುಕೊಂಡಿದ್ದೇನೆ. ಕೆಲವರು ಮಾಂಸ, ರಕ್ತ ಮುಟ್ಟುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರ್, ನಿಮ್ಮ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ ಒಂದು ವಾಕ್ಯ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಹತ್ತು ಮಕ್ಕಳನ್ನು ಆರಿಸಬೇಡಿ. ಸಂಜೆಗೂ ಇಡಬೇಡಿ.

"ಆಸಕ್ತಿ ಇರುವವರು ಹೆಸರು ಕೊಡಿ" ಅಂದ ಕೂಡಲೇ ಕೈ ಎತ್ತುವವರು ಯಾರು ಅಂತ ನಿಮಗೇ ಗೊತ್ತು. ಮುಂದಿನ ಬೆಂಚಿನವರು, ಇಂಗ್ಲಿಷ್ ಸರಾಗವಾಗಿ ಬರುವವರು, ಮನೆಯಲ್ಲಿ ಯಾರಾದರೂ ಮೇಷ್ಟ್ರೋ ಟೀಚರೋ ಇರುವವರು. ಪೆರ್ಲ, ಆದೂರು ಕಡೆಯಿಂದ ಬರುವ ಹುಡುಗಿ ಕೈ ಎತ್ತುವುದಿಲ್ಲ. ಅವಳ ಕಣ್ಣು ಬಸ್ಸಿನ ಮೇಲೆ. ಭಾನುವಾರ ಕೇಟರಿಂಗ್ ಕೆಲಸಕ್ಕೆ ಹೋಗಿ ಫೀಸು ಹೊಂದಿಸುವ ಹುಡುಗನೂ ಎತ್ತುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಶನಿವಾರವೂ ರಜೆಯಲ್ಲ. ಇವರಿಗೆ ಆಸಕ್ತಿ ಇಲ್ಲ ಅಂತಲ್ಲ, ಪುರುಸೊತ್ತಿಲ್ಲ. ನೀವು ಯಾರಿಗಾಗಿ ಇದನ್ನು ಮಾಡಹೊರಟಿದ್ದೀರೋ ಅವರನ್ನೇ ನಿಮ್ಮ ಏರ್ಪಾಡು ಹೊರಗೆ ನಿಲ್ಲಿಸಿಬಿಡುತ್ತದೆ.

ಆದ್ದರಿಂದ ಸಂಶೋಧನೆಯನ್ನು ಟೈಮ್‌ಟೇಬಲ್ ಒಳಗೇ ತನ್ನಿ. ಈಗಿರುವ ಪ್ರಾಕ್ಟಿಕಲ್ ಅವಧಿಯಲ್ಲೇ, ಇಡೀ ಬ್ಯಾಚಿಗೆ. ಅದೂ ಮೊದಲ ಅಥವಾ ಎರಡನೇ ಸೆಮಿಸ್ಟರಿನಲ್ಲಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಸಂಶೋಧನೆಗೆ ಅದರ ಕೊನೆಯ ವರ್ಷ ಇದೆಯಲ್ಲ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ. ಬಿಟ್ಟು ಹೋಗುವವರು ಅಷ್ಟರಲ್ಲಿ ಹೋಗಿ ಆಗಿರುತ್ತದೆ.

ಇದು ನನ್ನ ಬರೀ ಅನಿಸಿಕೆ ಅಲ್ಲ. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ 2005ರಿಂದ ಮೊದಲ ವರ್ಷದ ಮಕ್ಕಳನ್ನೇ ಗುಂಪು ಗುಂಪಾಗಿ ನಿಜವಾದ ಸಂಶೋಧನೆಗೆ ಹಚ್ಚುತ್ತಿದೆ. ಮೂರು ಸೆಮಿಸ್ಟರ್ ಪೂರ್ತಿ ಮಾಡಿದವರನ್ನು ಅಂಥದೇ ಹಿನ್ನೆಲೆಯ ಬೇರೆ ಮಕ್ಕಳ ಜತೆ ಹೋಲಿಸಿ 2016ರಲ್ಲಿ ಒಂದು ಅಧ್ಯಯನ ಬಂತು. ವಿಜ್ಞಾನದಲ್ಲೇ ಪದವಿ ಮುಗಿಸುವ ಸಾಧ್ಯತೆ ಇವರಲ್ಲಿ ಶೇ. 94, ಉಳಿದವರಲ್ಲಿ ಶೇ. 71. ಆರು ವರ್ಷದೊಳಗೆ ಪದವಿ ಮುಗಿಸುವುದು ಶೇ. 83 ಮತ್ತು ಶೇ. 66. ಮನೆಯಲ್ಲಿ ಮೊದಲ ಬಾರಿ ಕಾಲೇಜಿಗೆ ಬಂದ ಮಕ್ಕಳಿಗೂ ಇದರ ಲಾಭ ಅಷ್ಟೇ ಸಿಕ್ಕಿತ್ತು. ಅಲ್ಲಿಯ ಅಂಕಿಯೇ ಇಲ್ಲಿಗೂ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಬೇಗ ಶುರು ಮಾಡಬೇಕು, ಒಂದು ಸಲಕ್ಕೆ ನಿಲ್ಲಿಸಬಾರದು ಅನ್ನುವ ಮಾತು ಮಾತ್ರ ಎಲ್ಲಿಗೂ ಹೊಂದುತ್ತದೆ.

ಈಗ ಫೊರೆನ್ಸಿಕ್ ವಿಷಯಕ್ಕೆ ಬರುತ್ತೇನೆ. ಬಹಳ ಕಾಲೇಜುಗಳಲ್ಲಿ ಇದನ್ನು ನಾಟಕದ ಥರ ಮಾಡಿಸುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೆಣದ ಗೆರೆ, ಹಳದಿ ಟೇಪು, "ಕೊಲೆಗಾರ ಯಾರು?" ಅಂತ ಒಂದು ಕಥೆ. ಒಂದು ದಿನಕ್ಕೆ ಮಜಾ ಇರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಉತ್ತರ ಟೀಚರಿಗೆ ಮೊದಲೇ ಗೊತ್ತು, ಮಕ್ಕಳಿಗೂ ಅದು ಗೊತ್ತು. ಟೈಟ್ರೇಶನ್‌ಗೂ ಇದಕ್ಕೂ ವ್ಯತ್ಯಾಸ ಏನು ಹೇಳಿ? ನಿಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬೇಕು. ಅದು ಈ ಊರಿನದ್ದೇ ಆಗಿದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ಆಗ ಸುಮ್ಮನೆ ಕೂರುವ ಮಕ್ಕಳಿಗೆ ಗೊತ್ತಿರುವ ಸಂಗತಿಗೂ ಬೆಲೆ ಬರುತ್ತದೆ.

ನಿಮ್ಮದು ರಸಾಯನಶಾಸ್ತ್ರ ಅಂದ ಕೂಡಲೇ ನನಗೆ ಹೊಳೆದದ್ದು ಮುರಕಲ್ಲು, ಇಲ್ಲಿ ಕಟ್ಟಡಕ್ಕೆ ಬಳಸುವ ಕೆಂಪು ಕಲ್ಲು. ಬಸ್‌ಸ್ಟಾಂಡಿನ ಕಂಬ, ಪಂಚಾಯತ್ ಕಟ್ಟಡದ ಮೆಟ್ಟಿಲು, ತೋಟದ ಕಟ್ಟೆ, ಎಲ್ಲಿ ನೋಡಿದರೂ ಕೆಂಪು ಕಲೆ. ಎಲೆಯಡಿಕೆ ಉಗಿದದ್ದು. ಇದರ ನಡುವೆ ಒಂದು ರಕ್ತದ ಕಲೆ ಇದ್ದರೆ ಪತ್ತೆ ಹೇಗೆ? ತನಿಖೆ ಮಾಡುವವರಿಗೆ ಇಲ್ಲಿ ಇದು ನಿಜವಾಗಿಯೂ ಎದುರಾಗುವ ತೊಡಕು.

ರಕ್ತದ ಮೊದಲ ಪರೀಕ್ಷೆಗೆ ಬೇಕಾದ್ದೆಲ್ಲ ನಿಮ್ಮ ಕಪಾಟಿನಲ್ಲೇ ಇದೆ. ಫಿನಾಲ್ಫ್ತಲೀನ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸತುವಿನ ಪುಡಿ, ಹೈಡ್ರೋಜನ್ ಪೆರಾಕ್ಸೈಡ್. ಇದಕ್ಕೆ ಕ್ಯಾಸಲ್-ಮೇಯರ್ ಪರೀಕ್ಷೆ ಅನ್ನುತ್ತಾರೆ. ಫಿನಾಲ್ಫ್ತಲೀನನ್ನು ಕ್ಷಾರದಲ್ಲಿ ಸತುವಿನ ಜತೆ ಬಣ್ಣ ಹೋಗುವವರೆಗೆ ಕುದಿಸಬೇಕು. ಈ ಕೆಲಸ ಮಾತ್ರ ನೀವೇ ಮಾಡಿ. ಬಿಸಿ ಕ್ಷಾರಕ್ಕೆ ಸತು ಬಿದ್ದರೆ ಹೈಡ್ರೋಜನ್ ಬರುತ್ತದೆ, ಬರ್ನರ್ ಬೇಡ, ಹಾಟ್‌ಪ್ಲೇಟ್ ಸಾಕು, ಗಾಳಿ ಆಡುವ ಜಾಗ ಇರಲಿ. ಸಿದ್ಧವಾದ ದ್ರಾವಣವನ್ನು ಕಂದು ಬಾಟಲಿಯಲ್ಲಿ, ಸ್ವಲ್ಪ ಸತು ಹಾಕಿ, ಫ್ರಿಜ್ಜಿನಲ್ಲಿ ಇಡಿ.

ಪರೀಕ್ಷೆ ಹೀಗೆ. ಒದ್ದೆ ಮಾಡಿದ ಕಾಟನ್ ಬಡ್ಡಿನಿಂದ ಕಲೆಯನ್ನು ಮೆಲ್ಲಗೆ ಒರೆಸಬೇಕು. ಅದಕ್ಕೆ ಒಂದು ಹನಿ ಆಲ್ಕೊಹಾಲ್, ಆಮೇಲೆ ಒಂದು ಹನಿ ದ್ರಾವಣ. ಇಲ್ಲಿ ತಡೆದು ನೋಡಬೇಕು. ಈಗಲೇ ಗುಲಾಬಿ ಬಣ್ಣ ಬಂದರೆ ಅಲ್ಲಿ ಬೇರೇನೋ ರಾಸಾಯನಿಕ ಇದೆ, ರಕ್ತ ಅನ್ನುವ ಹಾಗಿಲ್ಲ. ಬಣ್ಣ ಬರದಿದ್ದರೆ ಒಂದು ಹನಿ ಪೆರಾಕ್ಸೈಡ್. ರಕ್ತದ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣ ಇರುವ ಭಾಗ) ಇದ್ದರೆ ಕೆಲವೇ ಸೆಕೆಂಡಿನಲ್ಲಿ ಢಾಳಾದ ಗುಲಾಬಿ. ಒಂದು ನಿಮಿಷ ಬಿಟ್ಟರೆ ಏನೂ ಇಲ್ಲದ ಹತ್ತಿಯೂ ಗಾಳಿಗೇ ಗುಲಾಬಿಯಾಗುತ್ತದೆ. ಹಾಗಾಗಿ ಒಬ್ಬರ ಕೈಯಲ್ಲಿ ಹನಿ, ಇನ್ನೊಬ್ಬರ ಕೈಯಲ್ಲಿ ಸ್ಟಾಪ್‌ವಾಚ್. ಮೊದಲ ದಿನ ಮಕ್ಕಳು ಇದರಲ್ಲೇ ಜಗಳ ಆಡುತ್ತಾರೆ. "ಇದು ಹತ್ತು ಸೆಕೆಂಡಿಗೆ ಬಂತು", "ಇಲ್ಲ, ಹದಿನೈದು ಆಗಿತ್ತು". ಆಡಲಿ ಬಿಡಿ. ಎಷ್ಟು ಸೆಕೆಂಡಿನ ಒಳಗೆ ಬಂದರೆ ಹೌದು ಅನ್ನಬೇಕು ಅಂತ ಅವರೇ ಕೂತು ತೀರ್ಮಾನಿಸಿ ಬರೆದಿಡಲಿ. ಆಮೇಲೆ ಅದನ್ನು ಬದಲಿಸುವ ಹಾಗಿಲ್ಲ.

ಇನ್ನು ಪ್ರಶ್ನೆ. ಈ ಪರೀಕ್ಷೆ ರಕ್ತ ಅಲ್ಲದ್ದಕ್ಕೂ ಕೆಲವೊಮ್ಮೆ ಹೌದು ಅನ್ನುತ್ತದೆ. ಗಿಡಗಳಲ್ಲಿರುವ ಪೆರಾಕ್ಸಿಡೇಸ್ ಎಂಬ ಕಿಣ್ವ, ಕೆಲವು ಲೋಹದ ಲವಣಗಳು, ಬ್ಲೀಚಿಂಗ್ ಪೌಡರ್, ಇವೆಲ್ಲ ಮೋಸ ಮಾಡಬಲ್ಲವು. ಎಂಜಲಿನಲ್ಲೂ ಒಂದು ಪೆರಾಕ್ಸಿಡೇಸ್ ಇದೆ. ಈಗ ನಮ್ಮ ಮುರಕಲ್ಲನ್ನು ನೋಡಿ. ಅದರ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದ್ದು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಕಲ್ಲಿನ ಮೇಲೆ ಹಸಿರು ಪಾಚಿ. ಅದರ ಮೇಲೆ ಎಲೆ, ಅಡಿಕೆ, ಸುಣ್ಣ, ಎಂಜಲು ಎಲ್ಲ ಸೇರಿದ ಉಗುಳು. ಮೋಸ ಮಾಡಬಲ್ಲ ವಸ್ತುಗಳೆಲ್ಲ ಒಂದೇ ಜಾಗದಲ್ಲಿ! ಇದಕ್ಕೆ ಪರೀಕ್ಷೆ ಏನು ಹೇಳುತ್ತದೆ? ಮಳೆ ಬಿದ್ದ ಕಲ್ಲಿನಲ್ಲಿ ಎಷ್ಟು ದಿನ, ಮಾಡಿನ ಅಡಿಯ ಕಲ್ಲಿನಲ್ಲಿ ಎಷ್ಟು ದಿನ ರಕ್ತ ಸಿಗುತ್ತದೆ? ಉತ್ತರ ನಾನು ಹೇಳುವುದಿಲ್ಲ. ನಿಮ್ಮ ಮಕ್ಕಳೇ ಹೇಳಲಿ.

(ಒಂದು ಚಿಕ್ಕ ವಿಷಯ. ಈ ಕಲ್ಲಿಗೆ ಲ್ಯಾಟರೈಟ್ ಅನ್ನುವ ಹೆಸರು ಬಂದದ್ದೂ ಕೇರಳದಲ್ಲೇ, 1807ರಲ್ಲಿ. ಫ್ರಾನ್ಸಿಸ್ ಬುಕನನ್ ಮಲಪ್ಪುರದ ಅಂಗಾಡಿಪುರಂನಲ್ಲಿ ನೋಡಿ ಬರೆದದ್ದು. ಬೇಕಲ ಕೋಟೆಯೂ ಇದೇ ಕಲ್ಲಿನದು. ಮಕ್ಕಳಿಗೆ ಹೇಳಿ.)

ಕೆಲಸ ಹಂಚುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಲ್ಲೇ ಎಲ್ಲ ಇರುವುದು. ಕೋರೆಯಿಂದ ಬೀಳುವ ಮುರಕಲ್ಲಿನ ಚೂರುಗಳನ್ನು ತನ್ನಿ, ದುಡ್ಡು ಕೊಡಬೇಕಾಗಿಲ್ಲ. ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿಗೆ ಒಂದು ಬಗೆಯ ಕಲೆ. ಒಬ್ಬರಿಗೆ ಚಾಲಿ (ಒಣಗಿಸಿದ) ಅಡಿಕೆಯ ಉಗುಳು, ಇನ್ನೊಬ್ಬರಿಗೆ ಹಸಿ ಅಡಿಕೆಯದ್ದು, ಮತ್ತೊಬ್ಬರಿಗೆ ಹೊಗೆಸೊಪ್ಪು ಸೇರಿದ್ದು. ಚಿಪ್ಪಿನ ಸುಣ್ಣ ಒಂದು ಕಡೆ, ಕಲ್ಲುಸುಣ್ಣ ಒಂದು ಕಡೆ. ಕುಂಕುಮ, ಆರತಿಗೆ ಅರಸಿನ-ಸುಣ್ಣ ಕಲಸುವ ಕೆಂಪು ನೀರು, ಗೇರುಹಣ್ಣಿನ ರಸ, ಹಲಸಿನ ಮೇಣ, ಇವೂ ಇರಲಿ. ಮಕ್ಕಳಿಗೆ ಎಲೆಯಡಿಕೆ ಜಗಿಯಲು ಮಾತ್ರ ಹೇಳಬೇಡಿ. ಅಡಿಕೆ ಬಾಯಿಯ ಕ್ಯಾನ್ಸರಿಗೆ ದಾರಿ ಅಂತ ಸಾಬೀತಾಗಿದೆ. ಹೇಗೂ ಜಗಿಯುವ ಅಜ್ಜ-ಅಜ್ಜಿಯರ ಒಪ್ಪಿಗೆ ಕೇಳಿ ಡಬ್ಬಿಯಲ್ಲಿ ತಂದರೆ ಸಾಕು, ಗ್ಲೌಸ್ ಹಾಕಿ ಮುಟ್ಟಲಿ. ಯಾವ ಅಡಿಕೆ ಜಾಸ್ತಿ ಕೆಂಪು ಬರುತ್ತದೆ, ಸುಣ್ಣ ಎಷ್ಟು ಹಾಕುತ್ತಾರೆ, ಇದೆಲ್ಲ ತೋಟದ ಮನೆಯ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಇಡೀ ವರ್ಷ ಬಾಯಿ ಬಿಡದ ಹುಡುಗ ಇಲ್ಲಿ "ಟೀಚರ್, ಆ ಸುಣ್ಣ ಹಳತಾಗಿದೆ, ಅದು ಹಿಡಿಯುವುದಿಲ್ಲ" ಅಂತ ತಿದ್ದುತ್ತಾನೆ. ತಿದ್ದಿಸಿಕೊಳ್ಳಿ, ಮತ್ತೆ ಅವನಿಗೇ ಹೇಳಿ, ಹಳೆ ಸುಣ್ಣ ಒಂದು, ಹೊಸ ಸುಣ್ಣ ಒಂದು ಮಾಡಿ ನೋಡು ಅಂತ.

ಕೋಳಿ ಅಂಗಡಿಯ ರಕ್ತ ಸಾಕು, ಪರೀಕ್ಷೆಗೆ ಯಾವ ಪ್ರಾಣಿಯದ್ದಾದರೂ ಒಂದೇ. ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಹಾಕಿ. ಮನುಷ್ಯರ ರಕ್ತ ಬೇಡವೇ ಬೇಡ, ಸ್ವಂತ ಬೆರಳು ಚುಚ್ಚಿಕೊಳ್ಳುವುದೂ ಬೇಡ. ರಕ್ತ ಮುಟ್ಟದ ಮಕ್ಕಳನ್ನು ಒತ್ತಾಯಿಸಬೇಡಿ, ಕಾರಣವನ್ನೂ ಕೇಳಬೇಡಿ. ಎಲೆಯಡಿಕೆ, ಕುಂಕುಮ, ಪಾಚಿ, ಬರೀ ಕಲ್ಲು, ಈ ಭಾಗಕ್ಕೂ ಅಷ್ಟೇ ಜನ ಬೇಕು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಹೊಸತು ಸಿಗುವುದು ಆ ಭಾಗದಲ್ಲೇ. ಕಲೆ ಹಾಕದ ಬರೀ ಕಲ್ಲನ್ನೂ ಪ್ರತಿ ಸಲ ಪರೀಕ್ಷಿಸಬೇಕು. ಅದಿಲ್ಲದಿದ್ದರೆ ಬಂದ ಗುಲಾಬಿ ಕಲೆಯದ್ದೋ ಕಲ್ಲಿನದ್ದೋ ಹೇಳುವುದು ಹೇಗೆ? ಗಿಡದ ಕಿಣ್ವದ ಮೇಲೆ ಅನುಮಾನ ಬಂದರೆ ಮಾದರಿಯನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ನೋಡಲಿ. ಕಿಣ್ವ ಬಿಸಿಗೆ ಕೆಡುತ್ತದೆ, ರಕ್ತದ ಹೀಮ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಕೊನೆಗೆ ಮೇಜು ಒರೆಸಲು ಬ್ಲೀಚ್ ಬಳಸುತ್ತೀರಲ್ಲ, ಅದರ ಒಂದು ಹನಿ ಕಲ್ಲಿಗೆ ಬಿದ್ದರೂ ಆ ಕಲ್ಲು ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಕಟ್ಟುನಿಟ್ಟು. ಬಣ್ಣ ಓದುವವರಿಗೆ ಅದು ಯಾವ ಕಲೆ ಅಂತ ಗೊತ್ತಿರಬಾರದು. ಬೇರೆ ಜೋಡಿ ನಂಬರ್ ಹಾಕಿ ಕೊಡಬೇಕು. ಇದರ ಅಗತ್ಯ ಏನು ಅಂತ ಮಕ್ಕಳು ಕೇಳಿದರೆ 2004ರ ಮ್ಯಾಡ್ರಿಡ್ ರೈಲು ಸ್ಫೋಟದ ಕಥೆ ಹೇಳಿ. ಡಿಟೊನೇಟರ್ ಇದ್ದ ಚೀಲದ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ಒಬ್ಬ ವಕೀಲರದ್ದು ಅಂತ ಎಫ್‌ಬಿಐ ತಜ್ಞರು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಆ ವಕೀಲರ ಬಂಧನವೂ ಆಯಿತು. ಆಮೇಲೆ ಸ್ಪೇನ್ ಪೊಲೀಸರು ಅದು ಅಲ್ಜೀರಿಯಾದ ಒಬ್ಬನದ್ದು ಅಂತ ತೋರಿಸಿಕೊಟ್ಟರು. ಮೊದಲನೆಯವರ ಅಭಿಪ್ರಾಯ ಗೊತ್ತಿದ್ದದ್ದು ಎರಡನೆಯವರ ಕಣ್ಣನ್ನೂ ಹಾಗೇ ತಿರುಗಿಸಿತ್ತು. ದೊಡ್ಡ ತಜ್ಞರಿಗೇ ಹೀಗೆ ಆಗುವುದಾದರೆ ನಮಗೆ ಆಗದೇ ಇರುತ್ತದಾ?

ನಮ್ಮ ಜಿಲ್ಲೆಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ ಬಿಡಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 2000ದವರೆಗೆ. ಮರುವರ್ಷ ಎಣ್ಮಕಜೆಯ ಪಡ್ರೆ ಗ್ರಾಮದಿಂದ ತೆಗೆದ ರಕ್ತ, ನೀರು ಮುಂತಾದ ಮಾದರಿಗಳಲ್ಲಿ ವಿಷದ ಅಂಶ ಜಾಸ್ತಿ ಇದೆ ಅಂತ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ (ಸಿಎಸ್‌ಇ) ಎಂಬ ಪರಿಸರ ಸಂಸ್ಥೆಯ ಲ್ಯಾಬ್ ಹೇಳಿತು. ಆ ತೋಟಗಳನ್ನು ನಡೆಸುವ ಪ್ಲಾಂಟೇಶನ್ ಕಾರ್ಪೊರೇಶನ್ ಮಾಡಿಸಿದ ಇನ್ನೊಂದು ಪರೀಕ್ಷೆ ಹಾಗೇನೂ ಇಲ್ಲ ಅಂದಿತು. ಮಾದರಿ ತೆಗೆದವರು ಯಾರು, ಯಾವಾಗ, ಯಾವ ಬಾಟಲಿಯಲ್ಲಿ, ಪರೀಕ್ಷೆಗೆ ದುಡ್ಡು ಕೊಟ್ಟವರು ಯಾರು, ಹೀಗೆ ವರ್ಷಗಟ್ಟಲೆ ವಾದ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಎಣ್ಮಕಜೆ ಕಡೆಯ ಮಕ್ಕಳ ಮನೆಯಲ್ಲೇ ಇದರ ನೋವು ಇರಬಹುದು, ಹಾಗಾಗಿ ಇದನ್ನು ಉದಾಹರಣೆ ಮಾಡುವಾಗ ನಾಲಗೆ ಹಿಡಿದು ಮಾತಾಡಿ. ಲೇಬಲ್ ಸರಿಯಾಗಿ ಬರೆಯಿರಿ ಅಂತ ಹತ್ತು ಸಲ ಹೇಳುವ ಬದಲು ಇದನ್ನು ಒಂದು ಸಲ ಹೇಳಿದರೆ ಸಾಕಾಗುತ್ತದೆ.

ಜೋಡಿ ಮಾಡುವಾಗ ಎರಡು ವಿಷಯ ಗಮನಿಸಿ. ಭಾಷೆ ಬೆರೆಸಬೇಕು ಅಂತ ಒಬ್ಬ ಕನ್ನಡದ ಹುಡುಗಿಯನ್ನು ಮಲಯಾಳದಲ್ಲಿ ಪಟಪಟ ಮಾತಾಡುವವರ ನಡುವೆ ಒಬ್ಬಳೇ ಕೂರಿಸಬೇಡಿ, ಮಾತು ನಿಂತೇಹೋಗುತ್ತದೆ. ಅಂಥವರು ಇಬ್ಬರು ಒಟ್ಟಿಗಿರಲಿ. ಕೆಲಸದ ಪುಸ್ತಕವನ್ನು ಕನ್ನಡದಲ್ಲೋ ಮಲಯಾಳದಲ್ಲೋ ಬರೆಯಲಿ, ತುಳುವಿನಲ್ಲಿ ಚರ್ಚೆ ಮಾಡಲಿ. ಕೊನೆಯ ವರದಿ ಮಾತ್ರ ಇಂಗ್ಲಿಷಿನಲ್ಲಿ, ಅದೂ ಎಲ್ಲರೂ ಸೇರಿ. ಎರಡನೆಯದು, ಅಕ್ಷರ ಚೆಂದ ಅಂತ ಹುಡುಗಿಯರಿಗೇ ಬರೆಯುವ ಕೆಲಸ, ಹುಡುಗರಿಗೇ ಹನಿ ಹಾಕುವ ಕೆಲಸ ಆಗಿಬಿಡುತ್ತದೆ. ವಾರ ವಾರ ಬದಲಿಸಿ. ಮಾರ್ಕ್ಸ್ ಕೊಡುವಾಗ "ಸರಿಯಾದ ಉತ್ತರ"ಕ್ಕೆ ಒಂದೂ ಇಡಬೇಡಿ. ಅಂಥ ಉತ್ತರವೇ ಇಲ್ಲವಲ್ಲ. ಪುಸ್ತಕ ಓದಿದ ಬೇರೆ ಜೋಡಿಗೆ ಅದೇ ಪ್ರಯೋಗ ಮತ್ತೆ ಮಾಡಲು ಬರಬೇಕು, ಮಾರ್ಕ್ಸ್ ಅದಕ್ಕೆ. ಹಿಂದಿನ ಬ್ಯಾಚಿನ ಪುಸ್ತಕಗಳನ್ನು ಎಸೆಯಬೇಡಿ, ಮುಂದಿನವರು ಅಲ್ಲಿಂದಲೇ ಎತ್ತಿಕೊಳ್ಳಬೇಕು.

ನಿಮ್ಮ ಜೀವಶಾಸ್ತ್ರದ ಸಹೋದ್ಯೋಗಿಗಳು ಆಸೆಪಟ್ಟರೆ ಅವರಿಗೆ ಎರಡು ದಾರಿ ಇದೆ. ಒಂದು ನೊಣ. ಬೂತಾಯಿ ಮೀನಿನ ತಲೆಯನ್ನು ಡಬ್ಬಿಯಲ್ಲಿಟ್ಟು, ಮರದ ಹುಡಿ ಹಾಕಿ, ನೊಣ ಮೊಟ್ಟೆ ಇಟ್ಟ ಮೇಲೆ ಬಲೆಬಟ್ಟೆ ಕಟ್ಟಿ, ಹುಳ ಬೆಳೆಯುವ ಲೆಕ್ಕ ಇಡುವುದು. ಸೂಕ್ಷ್ಮದರ್ಶಕದಲ್ಲಿ ಹುಳದ ಹಿಂಬದಿ ನೋಡಿದರೆ ಉಸಿರಾಡುವ ಸೀಳುಗಳು ಕಾಣುತ್ತವೆ. ಎರಡು ಸೀಳಿದ್ದರೆ ಎರಡನೇ ಹಂತ, ಮೂರಿದ್ದರೆ ಮೂರನೇ ಹಂತ. ಸಾವು ಆಗಿ ಎಷ್ಟು ಹೊತ್ತಾಯಿತು ಅನ್ನುವ ಅಂದಾಜಿಗೆ ಇದು ಆಧಾರ. ಬೆಳವಣಿಗೆ ಉಷ್ಣತೆಯ ಮೇಲೆ ನಿಂತಿರುವುದರಿಂದ ಯುರೋಪಿನ ಕೋಷ್ಟಕವನ್ನು ಕುಂಬಳೆಗೆ ಸುಮ್ನೆ ಹಾಕಲು ಬರುವುದಿಲ್ಲ. ವಾಸನೆಗೆ ಪ್ರಿನ್ಸಿಪಾಲರು ಏನು ಹೇಳುತ್ತಾರೋ ನೋಡಿಕೊಳ್ಳಿ! ಡಬ್ಬಿಯ ಕಾಲಿಗೆ ನೀರು ಇಡದಿದ್ದರೆ ಇರುವೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸುತ್ತದೆ.

ಇನ್ನೊಂದು ಡಯಾಟಂ, ನೀರಿನಲ್ಲಿರುವ, ಬರಿಗಣ್ಣಿಗೆ ಕಾಣದ ಪಾಚಿ. ಮುಳುಗಿ ಸತ್ತವರ ದೇಹದಲ್ಲಿ ಸಿಗುವ ಇದರ ಚಿಪ್ಪನ್ನು ಹೊಳೆಯ ನೀರಿನದರ ಜತೆ ಹೋಲಿಸುತ್ತಾರೆ. ಹೋಲಿಸಲು ಹೊಳೆಯ ಪಟ್ಟಿ ಮೊದಲೇ ಇರಬೇಕಲ್ವಾ? ಜಿಲ್ಲೆಯಲ್ಲಿ 12 ನದಿಗಳಿವೆ. ಚಂದ್ರಗಿರಿ, ಶಿರಿಯ, ಮೊಗ್ರಾಲು, ಉಪ್ಪಳ ಹೊಳೆಗಳಲ್ಲಿ ತಿಂಗಳಿಗೊಮ್ಮೆ ನೀರು ತೆಗೆದು, ಉಪ್ಪುನೀರು ಎಲ್ಲಿಯವರೆಗೆ ಬರುತ್ತದೆ ನೋಡಿ, ಯಾವ ಡಯಾಟಂ ಎಲ್ಲಿದೆ ಅಂತ ಪಟ್ಟಿ ಮಾಡಿದರೆ ಅದು ಕಾಲೇಜಿನ ಹೊರಗೂ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಮಾಂಸವೂ ಬೇಡ, ರಕ್ತವೂ ಬೇಡ. ಮಳೆಗಾಲದಲ್ಲಿ ಮಕ್ಕಳನ್ನು ಹೊಳೆಗೆ ಇಳಿಸಬೇಡಿ, ಸೇತುವೆಯಿಂದ ಬಾಲ್ದಿ ಬಿಟ್ಟರೆ ಸಾಕು.

ಬೆರಳಚ್ಚಿನ ಮೇಲೂ ಮಕ್ಕಳಿಗೆ ಆಸೆ ಇರುತ್ತದೆ. ಅರಸಿನ ಪುಡಿಯಲ್ಲೇ ಗಾಜಿನ ಮೇಲಿನ ಗುರುತು ಎಬ್ಬಿಸಬಹುದು. ಆದರೆ ಬೆರಳಚ್ಚು ಒಬ್ಬರ ಸ್ವಂತದ್ದು, ಆಧಾರ್ ಕಾಲದಲ್ಲಿ ಇನ್ನೂ ಜಾಸ್ತಿ. ಬರಹದಲ್ಲಿ ಒಪ್ಪಿಗೆ, ಹೆಸರಿನ ಬದಲು ನಂಬರ್, ಕೆಲಸ ಮುಗಿದ ಮೇಲೆ ಸುಟ್ಟುಹಾಕುವುದು, ವಾಟ್ಸಾಪಿನಲ್ಲಿ ಫೋಟೋ ಹಾಕದಿರುವುದು, ಇಷ್ಟಕ್ಕೆ ಒಪ್ಪಿದರೆ ಮಾತ್ರ ಮಾಡಿಸಿ.

ಪೊಲೀಸರ ಪರಿಚಯ ಇಲ್ಲ ಅಂದಿರಿ. ಬೇಕಾಗಿಯೂ ಇಲ್ಲ. ನಿಜವಾದ ಕೇಸಿನ ಮಾದರಿ ಕೇಳಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ಊರಲ್ಲಿ ಏನಾದರೂ ನಡೆದಾಗ ಮಕ್ಕಳು ತಜ್ಞರ ಹಾಗೆ ಅಭಿಪ್ರಾಯ ಹೇಳುವುದನ್ನು ಮೊದಲೇ ತಡೆಯಿರಿ. ಕ್ಯಾಸಲ್-ಮೇಯರ್ ಪರೀಕ್ಷೆ "ರಕ್ತ ಇರಬಹುದು" ಅನ್ನುತ್ತದೆ ಅಷ್ಟೇ. ಮನುಷ್ಯರದ್ದೋ, ಯಾರದ್ದೋ ಹೇಳಲು ಮುಂದೆ ಬೇರೆ ಪರೀಕ್ಷೆಗಳು ಬೇಕು.

ಕೆಲಸ ಸಿಗುತ್ತದಾ ಅಂತ ಅಪ್ಪ-ಅಮ್ಮ ಕೇಳಿಯೇ ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಹಾಗಾಗಿ ಜನ ಬೇಕಾಗುತ್ತಾರೆ. ನಮ್ಮ ಎರಡೂ ಬದಿಗೆ ಕಣ್ಣೂರಿನಲ್ಲಿ, ಮಂಗಳೂರಿನಲ್ಲಿ ಪ್ರಾದೇಶಿಕ ಲ್ಯಾಬುಗಳಿವೆ, ಧಾರವಾಡದಲ್ಲಿ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಆದರೂ ಲ್ಯಾಬಿನ ಹುದ್ದೆಗಳಿಗೆ ಸಾಮಾನ್ಯವಾಗಿ ಎಂಎಸ್ಸಿ ಕೇಳುತ್ತಾರೆ, ಹುದ್ದೆಗಳೂ ರಾಶಿ ಬಿದ್ದಿಲ್ಲ. ಫೊರೆನ್ಸಿಕ್ ಕೆಲಸದ ಆಸೆ ತೋರಿಸಿ ಮಕ್ಕಳನ್ನು ಸೇರಿಸಬೇಡಿ. ಇಲ್ಲಿ ಕಲಿತ ಕೈ ಆಹಾರ ಪರೀಕ್ಷೆಯ ಲ್ಯಾಬಿಗೂ, ನೀರಿನ ಲ್ಯಾಬಿಗೂ, ಔಷಧ ಕಂಪನಿಗೂ ಆಗುತ್ತದೆ, ಅದನ್ನು ಹೇಳಿ.

ಈ ಸೆಮಿಸ್ಟರಿಗೆ ಮುರಕಲ್ಲು ಒಂದೇ ಸಾಕು. ಮಳೆ ಹಿಡಿಯುವ ಮೊದಲು ಕಲ್ಲಿನ ಚೂರು ತಂದು, ತೊಳೆದು, ಒಣಗಿಸಿ, ನಂಬರ್ ಹಾಕಿಡಿ. ಅರ್ಧವನ್ನು ಕಾಲೇಜಿನ ತಾರಸಿಗೆ, ಅರ್ಧವನ್ನು ಮಾಡಿನ ಅಡಿಗೆ ಇಡಿ. ಕಪಾಟಿನ ಪೆರಾಕ್ಸೈಡ್ ಹಳತಾಗಿದ್ದರೆ ಸತ್ವ ಹೋಗಿರುತ್ತದೆ. ಮೆಡಿಕಲ್ ಶಾಪಿನಿಂದ ಹೊಸ ಬಾಟಲಿ ತನ್ನಿ, ಪ್ರತಿ ದಿನ ಕೆಲಸ ಶುರು ಮಾಡುವ ಮೊದಲು ಖಚಿತ ರಕ್ತದ ಒಂದು ಕಲೆಯ ಮೇಲೆ ಹಾಕಿ ನೋಡಿ. ಅದೇ ಗುಲಾಬಿ ಬರದಿದ್ದರೆ ಆ ದಿನದ ಪರೀಕ್ಷೆ ಮುಂದೆ ಹಾಕಿ.